ಮನೆಯಲ್ಲೇ ಫಾರ್ಚೂನ್ ಕುಕಿ ಮಾಡಿದವರು ಇದ್ದೀರಾ? ನನ್ನದು ಮಡಚುವಾಗಲೇ ಮುರಿಯುತ್ತಿದೆ

ಹಿಟ್ಟಿನ ಕೈ

ಎಲ್ಲರಿಗೂ ನಮಸ್ಕಾರ. ಹೊಸ ವರ್ಷದ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೇನೆ. ಮಕ್ಕಳು ಮರಿ ಎಲ್ಲ ಸೇರಿ 40 ಜನ. ಊಟ ಆದಮೇಲೆ ಎಲ್ಲರ ಕೈಗೂ ಒಂದೊಂದು ಫಾರ್ಚೂನ್ ಕುಕಿ (ಒಳಗೆ ಭವಿಷ್ಯದ ಚೀಟಿ ಇಟ್ಟು ಮಡಚಿದ ಗರಿಗರಿ ಬಿಸ್ಕತ್ತು) ಕೊಟ್ಟು ಒಟ್ಟಿಗೆ ಒಡೆಸಬೇಕು, ಒಳಗಿನ ಚೀಟಿಯನ್ನು ಒಬ್ಬೊಬ್ಬರೇ ಗಟ್ಟಿಯಾಗಿ ಓದಬೇಕು ಅಂತ ಆಸೆ. ಅಂಗಡಿಯದು ತಂದರೆ ಚೀಟಿ ನಮ್ಮದಾಗುವುದಿಲ್ಲ. ಅದಕ್ಕೇ ಮನೆಯಲ್ಲೇ ಮಾಡೋಣ ಅಂತ ಹೊರಟೆ.

ನಿನ್ನೆ ಸಂಜೆ ಮೊದಲ ಸಲ ಮಾಡಿದೆ. 12 ಹುಯ್ದೆ, ನೆಟ್ಟಗೆ ಮಡಚಿದ್ದು 1. ಮೊದಲನೆಯದು ಚೆನ್ನಾಗಿ ಬಂತು. ಎರಡನೆಯದು ಮಡಚುವಾಗ ಬಾಯಿ ಬಿಟ್ಟಿತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಚಟ್ ಅಂತ ಎರಡು ಹೋಳು. ಉಳಿದವು ಟ್ರೇ ಮೇಲೇ ಕಲ್ಲಾದವು. ಇನ್ನೊಂದು ಟ್ರೇಯಲ್ಲಿ ಹಾಕಿದ್ದು ತದ್ವಿರುದ್ಧ, ಅಂಚು ಕಪ್ಪು, ನಡುವೆ ರಬ್ಬರು. ಎರಡು ಬೆರಳೂ ಸುಟ್ಟವು.

ನಾನು ಹಾಕಿದ್ದು: 2 ಮೊಟ್ಟೆಯ ಬಿಳಿ, ಅರ್ಧ ಕಪ್ ಮೈದಾ, ಅರ್ಧ ಕಪ್ ಸಕ್ಕರೆ, 3 ದೊಡ್ಡ ಚಮಚ ಎಣ್ಣೆ, ಸ್ವಲ್ಪ ವೆನಿಲಾ, ಚಿಟಿಕೆ ಉಪ್ಪು. ಓವನ್ 180 ಡಿಗ್ರಿ, 8 ನಿಮಿಷ. ಟ್ರೇಗೆ 6. ಇನ್ನು ಎಂಟು ದಿನ ಇದೆ. ಎಲ್ಲಿ ಎಡವಟ್ಟಾಯಿತು ಹೇಳಿ.

ಓವನ್ ಕಾಯುವವ

ಅಳತೆಯಲ್ಲಿ ತಪ್ಪಿಲ್ಲ. ತಪ್ಪು ನಿಮ್ಮ ಕೊನೇ ಸಾಲಿನ ಹಿಂದಿನದರಲ್ಲಿದೆ: ಟ್ರೇಗೆ 6.

ಒಂದು ಸಲಕ್ಕೆ ಎರಡೇ ಹಾಕಿ. ಕೈ ಕುದುರಿದ ಮೇಲೆ ಮೂರು. ಅದಕ್ಕಿಂತ ಜಾಸ್ತಿ ಎಷ್ಟೇ ಅನುಭವ ಇದ್ದರೂ ಬೇಡ. ಯಾಕೆ ಅಂದರೆ ಈ ತಿಂಡಿಯಲ್ಲಿ ಸಕ್ಕರೆ ಹೆಚ್ಚುಕಡಿಮೆ ಮೈದಾದ ಒಂದೂವರೆ ಪಟ್ಟು ತೂಗುತ್ತದೆ. ಬಿಸಿ ಇರುವಾಗ ಆ ಸಕ್ಕರೆ ಮೆತ್ತಗೆ, ಹೇಳಿದ ಹಾಗೆ ಬಾಗುತ್ತದೆ. ಆರುತ್ತಿದ್ದಂತೆ ಗಾಜಿನ ಹಾಗೆ ಬಿಗಿಯುತ್ತದೆ. ತೆಳ್ಳಗಿನ ಬಿಲ್ಲೆ ಆದ್ದರಿಂದ ಆರುವುದಕ್ಕೆ ಸಮಯವೇ ಬೇಕಿಲ್ಲ. ಓವನ್ನಿಂದ ತೆಗೆದ ಮೇಲೆ ನಿಮಗೆ ಸಿಗುವುದು 10ರಿಂದ 15 ಸೆಕೆಂಡು, ಅಷ್ಟೇ. ಅಷ್ಟರಲ್ಲಿ ಬಿಲ್ಲೆ ಎತ್ತಬೇಕು, ಮಗುಚಬೇಕು, ಚೀಟಿ ಇಡಬೇಕು, ಅರ್ಧ ಮಡಚಬೇಕು, ಬಗ್ಗಿಸಬೇಕು. ನಿಮ್ಮ ಮೊದಲನೆಯದು ಚೆನ್ನಾಗಿ ಬಂದದ್ದು, ಮೂರನೆಯದು ಒಡೆದದ್ದು ಅದಕ್ಕೇ. ಹದ ಒಂದೇ, ಗಡಿಯಾರ ಬೇರೆ.

ಕಲ್ಲಾದ ಬಿಲ್ಲೆಗಳನ್ನು ಎಸೆದುಬಿಟ್ಟಿರಾ? ಎಸೆಯಬೇಡಿ. ಮಡಚುವ ಮೊದಲೇ ಗಟ್ಟಿಯಾದದ್ದನ್ನು ಮತ್ತೆ ಓವನ್ನಿಗೆ ಹಾಕಿ, ಅರ್ಧ ನಿಮಿಷದಿಂದ ಒಂದು ನಿಮಿಷ. ಮತ್ತೆ ಮೆತ್ತಗಾಗುತ್ತದೆ. ಆದರೆ ಒಂದೇ ಸಲ. ಎರಡನೇ ಸಲ ಹಾಕಿದರೆ ಬಣ್ಣ ಏರಿ ಕಹಿಯಾಗುತ್ತದೆ.

ಹಿಟ್ಟಿನ ಕೈ

ಅಯ್ಯೋ, ಎಸೆದಿಲ್ಲ, ತಿಂದುಬಿಟ್ಟೆವು ಸರ್. ರುಚಿಯಾಗೇ ಇತ್ತು 😄

ಆದರೆ ಎರಡೆರಡು ಅಂದರೆ 40 ಕುಕಿಗೆ ರಾತ್ರಿಯೆಲ್ಲ ಬೇಕಲ್ವಾ?

ಅಳತೆ ಕಪ್

ಬೇಡ ಮೇಡಂ, ಲೆಕ್ಕ ಹಾಕೋಣ. ಒಡೆಯುವುದೂ ಸೇರಿ 50 ಅಂದುಕೊಳ್ಳಿ. ನಿಧಾನದ ದಾರಿಯಲ್ಲಿ, ಅಂದರೆ 150 ಡಿಗ್ರಿಯಲ್ಲಿ, ಒಂದು ಟ್ರೇಗೆ 14–15 ನಿಮಿಷ ಬೇಕು. ಎರಡೆರಡರಂತೆ 25 ಟ್ರೇ. ಆರು ಗಂಟೆ ದಾಟುತ್ತದೆ. 200 ಡಿಗ್ರಿಯಲ್ಲಾದರೆ 5–6 ನಿಮಿಷ ಸಾಕು, ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ಕೈ ಕುದುರಿ ಮೂರಕ್ಕೆ ಹೋದರೆ ಇನ್ನೂ ಬೇಗ. ನಾನು 200ರ ಕಡೆಯವಳು. ಆದರೆ ಮೊದಲ ದಿನ ಕಲಿಯುವವರಿಗೆ 150 ಒಳ್ಳೆಯದು, ಒಂದು ನಿಮಿಷ ಆಚೀಚೆ ಆದರೂ ಸುಟ್ಟುಹೋಗುವುದಿಲ್ಲ. ನಿಮ್ಮ 180 ಎರಡಕ್ಕೂ ನಡುವೆ ಇದೆ, ಅದೂ ನಡೆಯುತ್ತದೆ. ಆದರೆ ಅಂಚು ಕಪ್ಪು, ನಡುವೆ ರಬ್ಬರು ಆಗಿದೆ ಅಂದರೆ ತಾಪದ ತಪ್ಪಲ್ಲ, ಹರಡಿದ್ದು ಸಮನಾಗಿಲ್ಲ.

ಕಪ್ ಲೆಕ್ಕ ಬಿಟ್ಟು ತೂಕ ಹಾಕಿ, ನೆನಪಿಡಲೂ ಸುಲಭ. ಮೊಟ್ಟೆಯ ಬಿಳಿ 60 ಗ್ರಾಂ (ಸುಮಾರು ಎರಡು ಮೊಟ್ಟೆಯದು), ಮೈದಾ 60, ಸಕ್ಕರೆ 100, ಕರಗಿಸಿದ ಬೆಣ್ಣೆ ಅಥವಾ ಎಣ್ಣೆ 40. ಜೊತೆಗೆ ಕಾರ್ನ್‌ಫ್ಲೋರ್ ಒಂದೂವರೆ ಟೀ ಚಮಚ, ನೀರು ಎರಡು ಮೂರು ಟೀ ಚಮಚ. ಇಷ್ಟರಲ್ಲಿ 12ರಿಂದ 14 ಆಗುತ್ತವೆ. ನಿಮಗೆ ನಾಲ್ಕು ಪಾಲು ಬೇಕು. ಸಕ್ಕರೆ ಪುಡಿ ಮಾಡಿ ಹಾಕಿ, ಕಾಳು ಉಳಿದರೆ ಅಲ್ಲಲ್ಲಿ ಚುಕ್ಕಿ ಚುಕ್ಕಿ ಕಪ್ಪಾಗುತ್ತದೆ. ಬಿಳಿಯನ್ನು ನೊರೆ ಬರುವ ಹಾಗೆ ಕಡೆಯಬೇಡಿ. ಗಾಳಿ ಸೇರಿದರೆ ಬಿಲ್ಲೆಯಲ್ಲಿ ಗುಳ್ಳೆ ಏಳುತ್ತದೆ, ಮಡಚುವಾಗ ಬಿರುಕು ಬಿಡುವುದು ಆ ಗುಳ್ಳೆಯಿಂದಲೇ. ಫೋರ್ಕಿನಲ್ಲಿ ಸುಮ್ನೆ ಕಲಸಿದರೆ ಸಾಕು. ಆಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಮೂರನೇ ಟ್ರೇ

ಹರಡುವ ಬಗ್ಗೆ ನಾನು ಹೇಳ್ತೀನಿ, ಇದರಲ್ಲಿ ನಾನು ಸಾಕಷ್ಟು ಮೊಟ್ಟೆ ಹಾಳು ಮಾಡಿದ್ದೇನೆ.

ಬೇಕಿಂಗ್ ಪೇಪರಿನ ಹಿಂಬದಿಗೆ ಪೆನ್ಸಿಲಿನಲ್ಲಿ 8 ಸೆಂಟಿಮೀಟರಿನ ವೃತ್ತ ಬರೆದುಕೊಳ್ಳಿ. ಸಣ್ಣ ಬಟ್ಟಲು ಬೋರಲು ಹಾಕಿ ಗೆರೆ ಎಳೆದರೂ ಆಯಿತು. ಪೇಪರ್ ತಿರುಗಿಸಿ, ವೃತ್ತದ ನಡುವೆ ಒಂದು ದೊಡ್ಡ ಚಮಚ ಹಿಟ್ಟು ಹಾಕಿ. ಚಮಚದ ಬೆನ್ನಿನಿಂದ ನಡುವಿನಿಂದ ಹೊರಗೆ ಸುತ್ತು ಸುತ್ತು ಹರಡುತ್ತಾ ಹೋಗಿ. ಎಲ್ಲರೂ ಮಾಡುವ ತಪ್ಪು ಏನು ಅಂದರೆ ನಡುವೆ ದಪ್ಪ ಬಿಟ್ಟು ಅಂಚನ್ನು ಎಳೆದು ಎಳೆದು ತೆಳ್ಳಗೆ ಮಾಡುವುದು. ಅಂಚು ಬೇಗ ಬೇಯುತ್ತದೆ, ಹಾಗಾಗಿ ಅಂಚೇ ಒಂದು ಕೂದಲಿನಷ್ಟು ದಪ್ಪ ಇರಬೇಕು. ನಡು ಮಾತ್ರ, ಬೆಳಕಿಗೆ ಹಿಡಿದರೆ ಪೇಪರಿನ ಗೆರೆ ಮಸುಕಾಗಿ ಕಾಣುವಷ್ಟು ತೆಳು.

ಇನ್ನೊಂದು. ಎರಡನೇ ಟ್ರೇ ಹಾಕುವಾಗ ಟ್ರೇ ಬಿಸಿ ಇತ್ತಾ? ಬಿಸಿ ಟ್ರೇ ಮೇಲೆ ಹಿಟ್ಟು ಬಿದ್ದ ಕೂಡಲೇ ಬೆಣ್ಣೆ ಕರಗಿ ತನಗೆ ತೋಚಿದ ಕಡೆ ಹರಿಯುತ್ತದೆ. ಎರಡು ಟ್ರೇ ಇಟ್ಟುಕೊಳ್ಳಿ. ಒಂದು ಒಳಗೆ, ಒಂದು ಹೊರಗೆ ಆರಲಿಕ್ಕೆ. ಒಂದೇ ಇದ್ದರೆ ಬೆನ್ನಿಗೆ ನಲ್ಲಿ ನೀರು ಬಿಟ್ಟು ಒರೆಸಿಕೊಳ್ಳಿ.

ಸುಮ್ನೆ ಓದುಗ

ಕನ್ವೆಕ್ಷನ್ ಇರುವ ಮೈಕ್ರೋವೇವಿನಲ್ಲಿ ಆಗುತ್ತಾ? ನಮ್ಮಲ್ಲಿ ಅದೇ ಇರೋದು.

ಮೂರನೇ ಟ್ರೇ

ಆಗುತ್ತೆ. ಆದರೆ ಫ್ಯಾನಿನ ಗಾಳಿಗೆ ಬೇಕಿಂಗ್ ಪೇಪರಿನ ಮೂಲೆ ಎದ್ದು ಹಸಿ ಹಿಟ್ಟಿನ ಮೇಲೆ ಮಗುಚಿಕೊಳ್ಳುತ್ತದೆ. ನನಗೆ ಹೀಗಾಗಿ ಎರಡು ಬಿಲ್ಲೆ ಪೇಪರಿನ ನಡುವೆ ಬೆಂದು ಹೋದವು. ನಾಲ್ಕೂ ಮೂಲೆಗೆ ಒಂದೊಂದು ಹನಿ ಹಿಟ್ಟು ಅಂಟಿಸಿ ಪೇಪರನ್ನು ಟ್ರೇಗೆ ಕೂರಿಸಿ. ಡಿಗ್ರಿ 20 ಕಡಿಮೆ ಇಡಿ. ಸಿಲಿಕಾನ್ ಮ್ಯಾಟ್ ಇದ್ದರೆ ಈ ತಾಪತ್ರಯವೇ ಇಲ್ಲ.

ಮೊಟ್ಟೆ ಬೇಡ

ಮೊಟ್ಟೆ ಇಲ್ಲದೆ ಮಾಡೋಕಾಗುತ್ತಾ ಅಂತ ಕೇಳೋಣ ಅಂತ ಬಂದೆ. ಕೇಳುವ ಮೊದಲು ನಾನೇ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಕಡಲೆಕಾಳು ಬೇಯಿಸಿದ ನೀರು, ಸ್ವಲ್ಪ ಲೋಳೆ ಲೋಳೆ ಆಗಿರುತ್ತದಲ್ಲ, ಅದನ್ನು ಒಂದು ಮೊಟ್ಟೆಯ ಬಿಳಿಗೆ 2 ದೊಡ್ಡ ಚಮಚದಂತೆ ಹಾಕಿದೆ. ನೀರು ತೆಳ್ಳಗಿದ್ದರೆ ಇನ್ನೂ ಕುದಿಸಿ ಗಟ್ಟಿ ಮಾಡಿಕೊಳ್ಳಬೇಕು. ಬಿಲ್ಲೆ ಬಂತು, ಮಡಚಿತು ಕೂಡ. ಆದರೆ ಮೊಟ್ಟೆಯದಕ್ಕಿಂತ ಪೆಳಸು, ಬಾಗಿಸುವಾಗ ಇನ್ನೂ ಬೇಗ ಬಿಗಿಯಿತು. ಕಾರ್ನ್‌ಫ್ಲೋರ್ ಒಂದು ಟೀ ಚಮಚ ಜಾಸ್ತಿ ಹಾಕಿದಾಗ ಸುಧಾರಿಸಿತು. ಒಳಗೆ ಕಾಳಿನ ವಾಸನೆ ಬರುತ್ತೆ ಅಂತ ಹೆದರಿದ್ದೆ, ವೆನಿಲಾ ಹಾಕಿದ ಮೇಲೆ ಗೊತ್ತೇ ಆಗಲಿಲ್ಲ.

ನಮ್ಮ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ನಾನ್‌ಸ್ಟಿಕ್ ತವಾ ಮೇಲೆ, ಉರಿ ತೀರಾ ಸಣ್ಣ, ಮುಚ್ಚಳ ಹಾಕದೆ ಮಾಡಿದ್ದು. ಒಂದೊಂದು ಬದಿಗೆ ಎರಡು ಮೂರು ನಿಮಿಷ. ಒಂದು ಲಾಭ ಇದೆ: ಒಂದು ಸಲಕ್ಕೆ ಒಂದೇ ಆಗುವುದರಿಂದ ಗಡಿಬಿಡಿ ಇಲ್ಲ. ಮಡಚುವ ಸಮಯದಲ್ಲಿ ಬೇರೆಯದು ಕಾಯುತ್ತಿರುವುದಿಲ್ಲ.

ಸುಮ್ನೆ ಓದುಗ

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ಒದ್ದಾಡಿ ಮಾಡೋ ಈ ಚೀನಾ ತಿಂಡಿಯಲ್ಲಿ ರುಚಿ ಏನಿದೆ? ಮೈದಾ, ಸಕ್ಕರೆ, ಚೀಟಿ.

ಹಳೇ ಕಥೆ

ರುಚಿ ಬಗ್ಗೆ ಜಗಳ ಬೇಡ. ಆದರೆ ಚೀನಾ ತಿಂಡಿ ಅಂದಿರಲ್ಲ, ಅಲ್ಲಿ ತಡೆಯುತ್ತೇನೆ.

ಚೀನಾದಲ್ಲಿ ಇದು ಇರಲೇ ಇಲ್ಲ. 1992ರಲ್ಲಿ ವಾಂಟನ್ ಫುಡ್ ಅನ್ನುವ ನ್ಯೂಯಾರ್ಕಿನ ದೊಡ್ಡ ಕಂಪನಿ ಅಲ್ಲಿಗೆ ತೆಗೆದುಕೊಂಡು ಹೋಗಿ ಮಾರಲು ನೋಡಿ ಕೈಬಿಟ್ಟಿತು. ಅಲ್ಲಿಯವರಿಗೆ ಇದು ಅಮೆರಿಕದ ತಿಂಡಿ ಅನ್ನಿಸಿತ್ತು. ಮೂಲ ಹುಡುಕಿಕೊಂಡು ಹೋದರೆ ಜಪಾನ್. ಕ್ಯೋಟೋದ ಫುಶಿಮಿ ಇನಾರಿ ದೇವಾಲಯದ ಆಸುಪಾಸಿನ ಅಂಗಡಿಗಳಲ್ಲಿ ತ್ಸುಜಿಉರಾ ಸೆಂಬೆ ಅಂತ ಇದೇ ಆಕಾರದ್ದು ಸಿಗುತ್ತದೆ. ಗಾತ್ರ ದೊಡ್ಡದು, ಬಣ್ಣ ಕಂದು, ಬೆಣ್ಣೆ ವೆನಿಲಾ ಬದಲು ಎಳ್ಳು, ಮಿಸೊ (ಹುದುಗಿಸಿದ ಸೋಯಾ ಪೇಸ್ಟ್). ಯಾಸುಕೊ ನಕಮಾಚಿ ಅನ್ನುವ ಜಪಾನಿ ಸಂಶೋಧಕಿ ಇದರ ಬೆನ್ನು ಹತ್ತಿ, 1878ರ ಪುಸ್ತಕವೊಂದರಲ್ಲಿ ಇದನ್ನು ಸುಡುತ್ತಿರುವವನ ಚಿತ್ರವನ್ನೇ ಹುಡುಕಿ ತೆಗೆದರು. ಕ್ಯಾಲಿಫೋರ್ನಿಯಾಕ್ಕೆ ಹೋದ ಜಪಾನಿಗಳು ಜೊತೆಗೆ ಇದನ್ನೂ ಒಯ್ದರು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಜಪಾನಿ ಟೀ ಗಾರ್ಡನ್ನಿನಲ್ಲಿ ಮಕೋಟೊ ಹಗಿವಾರಾ ಚಹದ ಜೊತೆ ಕೊಡುತ್ತಿದ್ದರು. ಲಾಸ್ ಏಂಜಲೀಸಿನವರು ಮಾತ್ರ ಇದನ್ನು ಮೊದಲು ಮಾಡಿದ್ದು ನಮ್ಮೂರ ನೂಡಲ್ ತಯಾರಕ ಡೇವಿಡ್ ಜಂಗ್ ಅನ್ನುತ್ತಾರೆ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮಾಷೆಗೆ ಒಂದು ಅಣಕು ನ್ಯಾಯಾಲಯ ನಡೆಸಿ ತೀರ್ಪು ಕೊಟ್ಟರು. ತೀರ್ಪು ಯಾರ ಪರ ಬಂತು ಅಂತ ಬೇರೆ ಹೇಳಬೇಕಾ!

ಹಾಗಾದರೆ ಚೀನಾದ ಹೆಸರು ಹೇಗೆ ಅಂಟಿತು? ಇದು ತಮಾಷೆಯದಲ್ಲ. 1942ರಲ್ಲಿ, ಯುದ್ಧದ ನಡುವೆ, ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಿತು. ಅವರ ಬೇಕರಿಗಳು ಮುಚ್ಚಿದವು. ಆ ಜಾಗಕ್ಕೆ ಚೀನೀ ಮೂಲದ ತಯಾರಕರು ಬಂದರು, ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವುದು ಹಬ್ಬಿತು.

ಇದನ್ನೆಲ್ಲ ಹೇಳಿದ್ದು ಸುಮ್ಮನೆ ಅಲ್ಲ. ಕ್ಯೋಟೋದ ಕುಕಿಯಲ್ಲಿ ಚೀಟಿ ಹೊಟ್ಟೆಯೊಳಗೆ ಇರುವುದಿಲ್ಲ. ಹೊರಗೆ, ಬಗ್ಗಿಸಿದ ಮಡಿಕೆಯ ಸಂದಿಯಲ್ಲಿ ಸಿಕ್ಕಿಸಿರುತ್ತಾರೆ. ಆರಿದ ಮೇಲೂ ಸಿಕ್ಕಿಸಬಹುದು! 15 ಸೆಕೆಂಡಿನಲ್ಲಿ ಒಂದು ಕೆಲಸ ಕಡಿಮೆ. ಎಣ್ಣೆ ಹತ್ತುವುದಿಲ್ಲ. ಸಣ್ಣ ಮಕ್ಕಳು ಕಾಗದದ ಸಮೇತ ಬಾಯಿಗೆ ಹಾಕಿಕೊಳ್ಳುವ ಭಯವೂ ಕಡಿಮೆ.

ಹಿಟ್ಟಿನ ಕೈ

ಹಳೇ ಕಥೆ ಅವರೇ, ಆ ಕೊನೇ ಪ್ಯಾರಾ ನನ್ನ ಪಾಲಿಗೆ ಬಂಗಾರ. ಬರುವವರಲ್ಲಿ ಮೂರು ವರ್ಷದ ಒಳಗಿನವರೇ ನಾಲ್ಕು ಜನ ಇದ್ದಾರೆ. ಅವರದ್ದಕ್ಕೆ ಚೀಟಿ ಹೊರಗೇ.

ಸುಮ್ನೆ ಓದುಗರೇ, ರುಚಿಗೆ ಅಂತಲೇ ಯಾರು ಮಾಡ್ತಾರೆ ಹೇಳಿ. ಒಡೆಯೋ ಸದ್ದಿಗೆ ಮಾಡ್ತಿರೋದು.

ಓವನ್ ಕಾಯುವವ

ಮಡಚುವುದನ್ನು ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ, ಎಲ್ಲರಿಗೂ ಆಯಿತು.

ಮೊದಲು ಕಾಗದದಲ್ಲಿ ಅಭ್ಯಾಸ ಮಾಡಿ. ನಗಬೇಡಿ. ಕಾಗದವನ್ನು ದುಂಡಗೆ ಕತ್ತರಿಸಿ ಇಪ್ಪತ್ತು ಸಲ ಮಡಚಿದರೆ ಕೈಗೆ ದಾರಿ ಗೊತ್ತಾಗುತ್ತದೆ, ಬಿಸಿಯದು ಬಂದಾಗ ಯೋಚನೆ ಮಾಡಬೇಕಾಗುವುದಿಲ್ಲ. ಓವನ್ ಪಕ್ಕದಲ್ಲೇ ಒಂದು ಮಣೆ, ದಪ್ಪ ಅಂಚಿನ ಒಂದು ಲೋಟ, ಮಫಿನ್ ಟ್ರೇ, ಸಾಲಾಗಿ ಹರಡಿದ ಚೀಟಿಗಳು. ಕೈಗೆ ತೆಳ್ಳಗಿನ ಹತ್ತಿ ಗ್ಲೌಸ್. ದಪ್ಪ ಓವನ್ ಗ್ಲೌಸ್ ಹಾಕಿಕೊಂಡರೆ ಬೆರಳು ಆಡುವುದಿಲ್ಲ, ಬರಿಗೈಯಾದರೆ ನಿಮ್ಮ ಹಾಗೆ ಸುಡುತ್ತದೆ.

ಅಂಚು ಅರ್ಧ ಇಂಚಿನಷ್ಟು ಹೊಂಬಣ್ಣ ಬಂದು ನಡು ಇನ್ನೂ ತಿಳಿ ಇರುವಾಗ ಬಾಗಿಲು ತೆಗೆಯಿರಿ. ಟ್ರೇ ಪೂರ್ತಿ ಆಚೆ ತರಬೇಡಿ, ಒಂದು ಬಿಲ್ಲೆ ಮಾತ್ರ ತೆಳ್ಳಗಿನ ಸಟ್ಟುಗದಲ್ಲಿ ಎತ್ತಿ ಬಾಗಿಲು ಮುಚ್ಚಿ. ಎರಡನೆಯದು ಒಳಗೇ ಬಿಸಿಯಾಗಿ ಕಾಯುತ್ತಿರಲಿ. ಬಿಲ್ಲೆಯನ್ನು ಮಣೆ ಮೇಲೆ ಬೋರಲು ಹಾಕಿ. ಚೀಟಿ ನಡುವೆ. ಈ ಅಂಚನ್ನು ಆ ಅಂಚಿಗೆ ತಂದು ತುದಿ ಮಾತ್ರ ಒತ್ತಿ ಹಿಡಿಯಿರಿ. ಹೊಟ್ಟೆ ಒತ್ತಬೇಡಿ! ಅಪ್ಪಚ್ಚಿ ಆದರೆ ಒಡೆಯುವಾಗ ಸದ್ದೇ ಬರುವುದಿಲ್ಲ. ಈಗ ಅರ್ಧಚಂದ್ರ ಆಯಿತಲ್ಲ, ಅದರ ನೆಟ್ಟಗಿನ ಮಡಿಕೆಯ ನಡುವನ್ನು ಲೋಟದ ಅಂಚಿನ ಮೇಲೆ ಕೂರಿಸಿ, ಎರಡು ಕೊಂಬನ್ನೂ ಕೆಳಗೆ ಎಳೆಯಿರಿ. ಒಂದು ಕೊಂಬು ಲೋಟದ ಒಳಗೆ, ಒಂದು ಹೊರಗೆ. ಕೂಡಲೇ ಮಫಿನ್ ಟ್ರೇಯ ಗುಂಡಿಯಲ್ಲಿ ಇಡಿ, ಇಲ್ಲದಿದ್ದರೆ ಬಿಸಿಗೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮಫಿನ್ ಟ್ರೇ ಇಲ್ಲದಿದ್ದರೆ ಸಣ್ಣ ಲೋಟಗಳಾದರೂ ಸರಿ.

ಸಾಧ್ಯವಾದರೆ ಇಬ್ಬರು ಸೇರಿ ಮಾಡಿ. ಒಬ್ಬರು ಎತ್ತಿಕೊಡುವುದು, ಒಬ್ಬರು ಮಡಚುವುದು.

ಚೀಟಿ ಮಾಸ್ತರ್

ಹಿಟ್ಟಿನ ಬಗ್ಗೆ ಎಲ್ಲ ಆಯಿತು, ಚೀಟಿ ಬಗ್ಗೆ ಯಾರೂ ಮಾತಾಡಲಿಲ್ಲ. ಕಷ್ಟ ಇರುವುದು ಅಲ್ಲಿ.

ಅಳತೆ ಮೊದಲು. ಎಲ್ಲ ಕಡೆ 6 ಸೆಂಟಿಮೀಟರ್ ಉದ್ದ, 1.2 ಅಗಲ ಅಂತ ಹೇಳುತ್ತಾರೆ. ಅದು ಇಂಗ್ಲಿಷ್ ಅಕ್ಷರಕ್ಕೆ ಸರಿ. ನಾನು ಅದೇ ಅಳತೆಯಲ್ಲಿ ಕನ್ನಡ ಪ್ರಿಂಟ್ ಹಾಕಿ ಕತ್ತರಿಸಿದರೆ ಒತ್ತಕ್ಷರಗಳೆಲ್ಲ ಕತ್ತರಿಗೆ ಹೋದವು. "ಎಲ್ಲ ಒಳ್ಳೆಯದಾಗುತ್ತದೆ" ಅಂತ ಬರೆದಿದ್ದೆ. ಎರಡು ಕಡೆ ಒತ್ತು ಮಾಯ, ತ-ಗೆ ತಳವೇ ಇಲ್ಲ. ಓದಿದವರು ಇದು ಯಾವ ಭಾಷೆ ಅಂದರು. ಕನ್ನಡಕ್ಕೆ 1.5 ಅಗಲ ಇಡಿ, ಸಾಲು ಒಂದೇ, ಅಕ್ಷರ 9 ಅಥವಾ 10 ಪಾಯಿಂಟ್. ಆರೇಳು ಪದ ಮೀರಬೇಡಿ. ಉದ್ದವಾದರೆ ಚೀಟಿಯನ್ನು 7 ಸೆಂಟಿಮೀಟರ್ ಮಾಡಿ ಒಂದು ಮಡಿಕೆ ಹಾಕಿ, ಆದರೆ ಎರಡು ಸಾಲಿಗೆ ಹೋಗಬೇಡಿ.

ಶಾಯಿ ಪೆನ್ ಬೇಡ. ಬಿಸಿ ಬೆಣ್ಣೆ ತಾಗಿ ಅಕ್ಷರ ಕದಡುತ್ತದೆ, ಕಾಗದ ಎಣ್ಣೆ ಕುಡಿದು ಆಚೆ ಬದಿ ಕಾಣುತ್ತದೆ. ಕೇಕ್ ಮೇಲೆ ಬರೆಯುವ ತಿನ್ನುವ ಬಣ್ಣದ ಪೆನ್ ಸಿಗುತ್ತದಲ್ಲ, ಬೇಕಿಂಗ್ ಪೇಪರ್ ಪಟ್ಟಿ ಮೇಲೆ ಅದರಲ್ಲಿ ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು. ಒಣಗಲು ಒಂದು ರಾತ್ರಿ ಬಿಡಿ, ಇಲ್ಲದಿದ್ದರೆ ಒರೆಸಿಹೋಗುತ್ತದೆ.

ಇನ್ನು ಬರೆಯುವುದೇನು? "ನಿಮಗೆ ಒಳ್ಳೆಯ ದಿನಗಳು ಬರಲಿವೆ" ಅಂತ 40 ಸಲ ಬರೆಯಲಾಗುವುದಿಲ್ಲ. ಮೇಲೆ ಹೇಳಿದ ವಾಂಟನ್ ಫುಡ್ ಕಂಪನಿಗೆ ಡೊನಾಲ್ಡ್ ಲಾವ್ ಅನ್ನುವವರು 30 ವರ್ಷ ಚೀಟಿ ಬರೆದರು. 2017ರಲ್ಲಿ, ಇನ್ನು ಹೊಸದು ಹೊಳೆಯುತ್ತಿಲ್ಲ ಅಂತ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟರು. ನನಗೆ ಹನ್ನೊಂದನೆಯದಕ್ಕೇ ಹಾಗಾಯಿತು.

ನಾನು ಕಂಡುಕೊಂಡ ದಾರಿ: ಭವಿಷ್ಯ ಹೇಳಬೇಡಿ, ಕೂತಿರುವ ಜಾಗದಲ್ಲೇ ಏನಾದರೂ ಆಗುವ ಹಾಗೆ ಬರೆಯಿರಿ.

"ನಿಮ್ಮ ಎಡಗಡೆ ಕೂತವರಿಗೆ ನಿಮ್ಮ ಒಂದು ಸುಳ್ಳು ಗೊತ್ತಿದೆ."

"ಇವತ್ತು ಪಾತ್ರೆ ತೊಳೆಯುವ ಸರದಿ ನಿಮ್ಮದು."

"ನಿಮ್ಮ ಕಳೆದುಹೋದ ಕಾಲುಚೀಲ ಮಂಚದ ಕೆಳಗಿದೆ."

"ಈ ಚೀಟಿ ನಿಮಗಲ್ಲ, ಎದುರಿನವರಿಗೆ ಕೊಡಿ."

ಕೊನೆಯದನ್ನು ಎರಡು ಮೂರು ಹಾಕಿ. ಎದುರಿನವರು ಅದನ್ನು ಓದಿ ಮತ್ತೆ ಇವರಿಗೇ ಕೊಡುತ್ತಾರೆ, ಅಲ್ಲಿಂದ ಗಲಾಟೆ ಶುರು.

ಅಳತೆ ಕಪ್

ಕಾಲುಚೀಲ 😂 ಯಾರಿಗೆ ಸಿಕ್ಕರೂ ನಿಜವೇ.

ಚೀಟಿಯಲ್ಲಿ ನಂಬರ್ ಹಾಕುವುದು ಗೊತ್ತಲ್ಲ? ಅಮೆರಿಕದ ಕುಕಿಗಳಲ್ಲಿ ಲಕ್ಕಿ ನಂಬರ್ ಇರುತ್ತವೆ. 2005ರ ಮಾರ್ಚ್ 30ರ ಪವರ್‌ಬಾಲ್ ಲಾಟರಿಯಲ್ಲಿ ಎರಡನೇ ಬಹುಮಾನ 110 ಜನರಿಗೆ ಬಂದುಬಿಟ್ಟಿತು. ಸಾಮಾನ್ಯವಾಗಿ ನಾಲ್ಕೈದು ಜನಕ್ಕೆ ಬರುವಂಥದ್ದು. ಮೋಸ ನಡೆದಿದೆ ಅಂತ ಲಾಟರಿಯವರು ಗಾಬರಿಯಾಗಿ ವಿಚಾರಿಸಿದರೆ, ಬಹುತೇಕರು ಕುಕಿ ಚೀಟಿಯ ನಂಬರ್ ಹಾಕಿದವರು! ಆರರಲ್ಲಿ ಐದು ಸರಿ ಬಂದಿತ್ತು. ಆರನೆಯದು ಚೀಟಿಯಲ್ಲಿ 40, ಬಂದದ್ದು 42. ಆ ಕುಕಿಯೂ ವಾಂಟನ್ ಫುಡ್ಡಿನದೇ.

ಹಿಟ್ಟಿನ ಕೈ

ಎರಡನೇ ಸುತ್ತು ಮುಗಿಯಿತು. ಬಿಸಿ ಬಿಸಿ ವರದಿ.

ಎರಡೆರಡು ಹಾಕಿದೆ, 200 ಡಿಗ್ರಿ, ಐದೂವರೆ ನಿಮಿಷ. 14ರಲ್ಲಿ 9 ನೆಟ್ಟಗೆ ಬಂದವು! ಯಜಮಾನರು ಎತ್ತಿಕೊಟ್ಟರು, ನಾನು ಮಡಚಿದೆ. ಕಾಗದದಲ್ಲಿ ಅಭ್ಯಾಸ ಮಾಡಿ ಅಂದಾಗ ನಕ್ಕಿದ್ದೆ, ತಪ್ಪಾಯಿತು ಸರ್. ಅದೇ ಕೈ ಹಿಡಿಯಿತು. ಲೋಟದ ಅಂಚಿಗೆ ಒತ್ತಿ ಕೊಂಬು ಎಳೆಯುವಾಗ ಅದು ಬಗ್ಗುತ್ತಾ ಬಗ್ಗುತ್ತಾ ಬೆರಳ ಕೆಳಗೇ ಬಿಗಿಯುವುದು ಗೊತ್ತಾಗುತ್ತದೆ. ಆ ಕ್ಷಣದ ಮೇಲೆ ಇನ್ನೊಂದು ಚೂರು ಒತ್ತಿದರೂ ಮುರಿಯುತ್ತದೆ. ಐದು ಹಾಗೇ ಹೋದವು, ಇನ್ನೂ ಚೆಂದ ಮಾಡೋಣ ಅಂತ ಹೋಗಿ.

ಆದರೆ ಹೊಸ ತೊಂದರೆ. ರಾತ್ರಿ ಡಬ್ಬದಲ್ಲಿಟ್ಟೆ, ಬೆಳಗ್ಗೆ ಎಲ್ಲ ಮೆತ್ತಗೆ. ಒಡೆಯಲು ಹೋದರೆ ಹರಿಯುತ್ತದೆ.

ಓವನ್ ಕಾಯುವವ

ಬಿಸಿ ಇರುವಾಗಲೇ ಮುಚ್ಚಳ ಹಾಕಿರಬೇಕು.

ಹಿಟ್ಟಿನ ಕೈ

ಹೌದು. ಮಕ್ಕಳು ತಿಂದುಬಿಡ್ತಾರೆ ಅಂತ ಬೇಗ ಮುಚ್ಚಿಟ್ಟೆ.

ಓವನ್ ಕಾಯುವವ

ಬಿಸಿಯಲ್ಲಿ ಮುಚ್ಚಿದರೆ ಹಬೆ ಒಳಗೇ ಉಳಿಯುತ್ತದೆ. ಸಕ್ಕರೆಗೆ ಮೊದಲೇ ನೀರು ಎಳೆದುಕೊಳ್ಳುವ ಗುಣ, ಡಬ್ಬದ ಹಬೆಯನ್ನೆಲ್ಲ ಕುಡಿದುಬಿಡುತ್ತದೆ. ಜಾಲರಿ ಮೇಲೆ ಅರ್ಧ ಗಂಟೆ ಪೂರ್ತಿ ಆರಿಸಿ, ಆಮೇಲೆ ಗಾಳಿಯಾಡದ ಡಬ್ಬ. ಹಾಗೆ ಇಟ್ಟರೆ ನಾಲ್ಕೈದು ದಿನ ಗರಿಗರಿ ಉಳಿಯುತ್ತದೆ. ಮಳೆ ಬರುವ ದಿನ ಮಾಡುವುದಿದ್ದರೆ ಇನ್ನೂ ಬೇಗ ಮುಚ್ಚಬೇಕು, ಆದರೆ ಆರಿದ ಮೇಲೇ. ಈಗ ಮೆತ್ತಗಾದದ್ದನ್ನು ಮಫಿನ್ ಟ್ರೇಯಲ್ಲೇ ಇಟ್ಟು 100 ಡಿಗ್ರಿಯಲ್ಲಿ 10 ನಿಮಿಷ ಒಣಗಿಸಿ ಆರಲು ಬಿಡಿ. ಟ್ರೇ ಗುಂಡಿಯಲ್ಲಿ ಕೂತಿದ್ದರೆ ಬಿಚ್ಚಿಕೊಳ್ಳುವುದಿಲ್ಲ. ನನಗೆ ಹತ್ತರಲ್ಲಿ ಎಂಟು ಸರಿಹೋಗಿವೆ.

ಮೊಟ್ಟೆ ಬೇಡ

ಒಡೆದದ್ದು, ಬಾಯಿ ಬಿಟ್ಟದ್ದು ಇದ್ದರೆ ಆ ಭಾಗವನ್ನು ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ, ಮೇಲೆ ಬಣ್ಣದ ಸಕ್ಕರೆ ಉದುರಿಸಿ. ಬಿರುಕು ಮುಚ್ಚುತ್ತದೆ, ಹಬ್ಬದ ಕಳೆಯೂ ಬರುತ್ತದೆ. ಚಾಕೊಲೇಟ್ ಕರಗಿಸುವಾಗ ಒಂದು ಹನಿ ನೀರೂ ಬೀಳಬಾರದು, ಬಿದ್ದರೆ ಉಂಡೆ ಕಟ್ಟುತ್ತದೆ. ಇನ್ನೊಂದು, ಬಾದಾಮಿ ಎಸೆನ್ಸ್ ಹಾಕುವವರು ಬರುವವರಲ್ಲಿ ಯಾರಿಗಾದರೂ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಾನು ಒಂದು ಸಲ ಕೇಳದೆ ಹಾಕಿ, ಎಲ್ಲರ ಕೈಯಿಂದ ವಾಪಸ್ ಇಸ್ಕೊಂಡಿದ್ದೆ.

ಸುಮ್ನೆ ಓದುಗ

ನಾನೂ ನಿನ್ನೆ ಮಾಡಿದೆ 🙈 ಮೂರು ಮಡಚಿತು, ಎಂಟು ಬಿಲ್ಲೆಯಾಗೇ ತಿಂದೆವು. ಒಡೆಯೋ ಸದ್ದು ಚೆನ್ನಾಗಿದೆ, ಒಪ್ಪಿದೆ.

ಹಿಟ್ಟಿನ ಕೈ

ಊಟ ಮುಗಿಯಿತು, ಎಲ್ಲರೂ ಹೋದರು, ಈಗ ಕೂತು ಬರೆಯುತ್ತಿದ್ದೇನೆ.

ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದು, ಐದೂವರೆಗೆ ಮುಗಿಯಿತು. 56 ಹುಯ್ದು 47 ನೆಟ್ಟಗೆ ಬಂದವು. ಕೊನೆ ಕೊನೆಗೆ ಟ್ರೇಗೆ ಮೂರು ಹಾಕಿದರೂ ಕೈ ನಡುಗಲಿಲ್ಲ. ಮಾತಿನ ಭರದಲ್ಲಿ ಎರಡು ಕುಕಿಗೆ ಚೀಟಿ ಇಡುವುದನ್ನೇ ಮರೆತಿದ್ದೆ. ಒಂದು ಗೊತ್ತಾಯಿತು, ಹಳೇ ಕಥೆ ಅವರ ಕ್ಯೋಟೋ ಉಪಾಯದಲ್ಲಿ ಮಡಿಕೆಗೆ ಸಿಕ್ಕಿಸಿದೆ. ಇನ್ನೊಂದು ಯಾವುದು ಅಂತ ಎಷ್ಟು ಅಲ್ಲಾಡಿಸಿ ನೋಡಿದರೂ ತಿಳಿಯಲಿಲ್ಲ. ಚೀಟಿ ಸದ್ದು ಮಾಡುವುದೇ ಇಲ್ಲ.

ಒಟ್ಟಿಗೆ ಒಡೆದಾಗ ಆ ಸದ್ದು ಇತ್ತಲ್ಲ, ಒಣಗಿದ ಎಲೆಯ ಮೇಲೆ ಗುಂಪು ನಡೆದ ಹಾಗೆ. ಪಾತ್ರೆ ತೊಳೆಯುವ ಚೀಟಿ ನನ್ನ ಮೈದುನನಿಗೇ ಬಂತು. ನಾನು ಬೇಕಂತಲೇ ಕೊಟ್ಟೆ ಅಂತ ಈಗಲೂ ಅಂದುಕೊಂಡಿದ್ದಾನೆ, ಪಾಪ ತೊಳೆದ. "ಎದುರಿನವರಿಗೆ ಕೊಡಿ" ಮೂರು ಹಾಕಿದ್ದೆ, ಅದರಲ್ಲಿ ಎರಡು ಎದುರುಬದುರು ಕೂತವರಿಗೇ ಸಿಕ್ಕಿ ಇಬ್ಬರೂ ಹತ್ತು ನಿಮಿಷ ಅದಲು ಬದಲು ಮಾಡಿಕೊಂಡರು. ಪುಟ್ಟ ಮಕ್ಕಳು ಹೊರಗಿದ್ದ ಚೀಟಿ ಎಳೆದು ಬಿಸಾಕಿ ಕುಕಿ ತಿಂದರು.

ಖಾಲಿಯದು ಹೋಗಿದ್ದು ಚಿಕ್ಕಮ್ಮನ ಕೈಗೆ. ನನಗೆ ಮೈಯೆಲ್ಲ ಬೆವರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಚಿಕ್ಕಪ್ಪ ತಮ್ಮದು ಒಡೆದರೆ ಒಳಗೆ ಎರಡು ಚೀಟಿ, ಒಂದಕ್ಕೊಂದು ಅಂಟಿಕೊಂಡು ಹೋಗಿತ್ತು ಅಂತ ಕಾಣುತ್ತದೆ. ಚಿಕ್ಕಮ್ಮ ನೋಡಿ, "ಮೂವತ್ತು ವರ್ಷದಿಂದ ಹೀಗೇ ನಡೆದಿದೆ" ಅಂದರು. ಎರಡನ್ನೂ ಕಿತ್ತುಕೊಂಡು ಪರ್ಸಿಗೆ ಹಾಕಿಕೊಂಡರು. ಏನು ಬರೆದಿತ್ತು ಅಂತ ಯಾರಿಗೂ ಓದಿ ಹೇಳಲಿಲ್ಲ.

ಚೀಟಿ ಮಾಸ್ತರ್

ಬರೆದವರು ನೀವೇ ಅಲ್ವಾ? ಉಳಿದ 38 ಲೆಕ್ಕ ಹಾಕಿದರೆ ಗೊತ್ತಾಗುತ್ತದಲ್ಲ.

ಹಿಟ್ಟಿನ ಕೈ

ಹಾಕಿದೆ. ಒಂದು ಕಾಲುಚೀಲ. ಇನ್ನೊಂದು ಹೇಳಲ್ಲ, ಚಿಕ್ಕಮ್ಮನೂ ಇಲ್ಲಿ ಓದುತ್ತಾರೆ.

ಮೂರನೇ ಟ್ರೇ

ಮುರಿದ ಚೂರು ಏನು ಮಾಡಿದಿರಿ ಮೇಡಂ?

ಹಿಟ್ಟಿನ ಕೈ

ಪುಡಿ ಮಾಡಿ ಡಬ್ಬಕ್ಕೆ ತುಂಬಿದ್ದೇನೆ. ನಾಳೆ ಐಸ್‌ಕ್ರೀಮ್ ಮೇಲೆ. ಈ ಸಲ ಆರಿದ ಮೇಲೇ ಮುಚ್ಚಳ ಹಾಕಿದೆ ಸರ್.